ನೀವು ಬರ್ತೀರಂತ ತೊಳೆದಿಟ್ಟಿದೀವಿ

ನಮ್ಮ ಗುಂಪು ಆ ಊರಿಗೆ ಹಾಕಿಕೊಟ್ಟಿದ್ದ ನೀರಿನ ಫಿಲ್ಟರ್ ಫಳಫಳ ಹೊಳೆಯುತ್ತಿತ್ತು. ಡ್ರಮ್ಮಿನ ಮೇಲೆ ಒಂದು ಚೂರು ಧೂಳಿಲ್ಲ. ಮೂರು ವರ್ಷ ಆದಮೇಲೂ ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರಲ್ಲ ಅಂತ ಖುಷಿಯಾಗಿ ಪಂಪಿನ ಹ್ಯಾಂಡಲ್ ಒತ್ತಿದೆ. ಸಲೀಸಾಗಿ ಕೆಳಗೆ ಹೋಯಿತು. ತೂಕವೇ ಇಲ್ಲ. ನಾಲ್ಕು ಸಲ ಹೊಡೆದೆ. ನಲ್ಲಿಯಿಂದ ಒಂದು ಜೇಡ ಇಳಿದು ಬಂತು.

ಪಕ್ಕದಲ್ಲಿ ನಿಂತಿದ್ದ ಅಜ್ಜಿ, "ನೀವು ಬರ್ತೀರಂತ ನಿನ್ನೆ ತೊಳೆದಿಟ್ಟಿದೀವಿ ಕಣಪ್ಪ" ಅಂದರು.

ಇದಾಗಿದ್ದು ಸೋಮವಾರ. ಇವತ್ತು ಶುಕ್ರವಾರ. ಹಲ್ಲುಜ್ಜುವಾಗಲೂ ಅದೇ ಮಾತು, ಬಸ್ಸಿಗೆ ಕಾಯುವಾಗಲೂ ಅದೇ ಮಾತು. ಅದರಲ್ಲಿ ಕೊಂಕು ಇತ್ತಾ ಅಂತ ಹುಡುಕಿ ನೋಡಿದೆ. ಇರಲಿಲ್ಲ. ಇದ್ದಿದ್ದರೆ ನಾಲ್ಕು ದಿನ ಸಿಟ್ಟು ಮಾಡಿಕೊಂಡು ಮರೆತುಬಿಡಬಹುದಿತ್ತು. ನೆಂಟರು ಬರ್ತಾರೆ ಅಂದಾಗ ಮನೆ ಗುಡಿಸಿಟ್ಟ ಹಾಗೆ ಗುಡಿಸಿಟ್ಟಿದ್ದರು, ಅಷ್ಟೇ. ನಮಗೆ ಬೇಜಾರಾಗಬಾರದಲ್ವಾ?

ಕೆಟ್ಟಿದ್ದು ಒಂದು ರಬ್ಬರ್ ವಾಷರ್. ಹಾಕಿ ಮೂರೇ ತಿಂಗಳಿಗೆ ಸವೆದಿದೆ. ಡ್ರಮ್ಮಿನ ಮೇಲೆ ಅಂಟಿಸಿದ್ದ ನಂಬರಿಗೆ ಫೋನ್ ಮಾಡಿದ್ದಾರೆ. ಅದು ನಮ್ಮ ಗುಂಪು ಬಿಟ್ಟು ಹೋದ ಗೆಳೆಯನ ನಂಬರ್. ಅವನು ಕೆಟ್ಟವನಲ್ಲ. ಆದರೆ ಉದ್ಘಾಟನೆಗೆ ಇರುವ ಉತ್ಸಾಹ ಮಾರನೇ ದಿನಕ್ಕೆ ಇರದ ಜಾತಿ. ಹಾಗೆ ನೋಡಿದರೆ ನಮ್ಮಲ್ಲಿ ಎಲ್ಲರೂ ಸ್ವಲ್ಪ ಹಾಗೇ. ಆ ವಾಷರಿನ ಅಳತೆ ಯಾವ ಅಂಗಡಿಯಲ್ಲೂ ಸಿಗದ್ದು, ಯಾಕೆಂದರೆ ಅದು ನಮ್ಮದೇ ಡಿಸೈನ್. ಒಂದೇ ಹೊಡೆತಕ್ಕೆ ನೀರೆತ್ತಿ ಸೋಸುವ ಹೊಸ ಐಡಿಯಾ ಅಂತ ಎಷ್ಟು ಕಡೆ ಕೊಚ್ಚಿಕೊಂಡಿದ್ದೇವೋ!

ತಮಾಷೆ ಅಂದ್ರೆ, ಶುರುವಿನ ಮೀಟಿಂಗುಗಳಲ್ಲಿ ನಾವು ಪ್ಲೇಪಂಪ್ ಕಥೆ ಹೇಳಿಕೊಂಡು ನಗುತ್ತಿದ್ದೆವು. ಮಕ್ಕಳು ತಿರುಗುಮಣೆಯಲ್ಲಿ ಆಡಿದರೆ ನೀರು ಮೇಲೆ ಬರುವ ಪಂಪು ಅದು. 2006ರಲ್ಲಿ ಅಮೆರಿಕದಲ್ಲಿ ಅದಕ್ಕೆ 1.64 ಕೋಟಿ ಡಾಲರ್ ಘೋಷಣೆ ಆಯಿತು, ಆಫ್ರಿಕಾದಲ್ಲಿ 4,000 ಪಂಪು ಹಾಕುವ ಗುರಿ. ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಅಂತ 2009ರಲ್ಲಿ ಪತ್ರಿಕೆಯೊಂದು ಲೆಕ್ಕ ಹಾಕಿತು. ಕೆಲವು ಕಡೆ ಇದ್ದ ಕೈಪಂಪು ಕಿತ್ತು ಇದನ್ನು ಹಾಕಿದ್ದರು. ಕೊನೆಗೆ ಆ ಚಕ್ರವನ್ನು ಹೆಂಗಸರೇ ಕೈಯಲ್ಲಿ ತಿರುಗಿಸಬೇಕಾಯಿತು. ಹೋಗಿ ಅವರನ್ನು ಒಂದು ಮಾತು ಕೇಳಬಾರದಿತ್ತಾ ಅಂತ ದೊಡ್ಡ ದನಿಯಲ್ಲಿ ಹೇಳಿದವನು ನಾನೇ.

ನಾವು ಕೇಳಿದ್ದೆವಾ? ಉದ್ಘಾಟನೆ ದಿನ "ಎಲ್ಲರಿಗೂ ಇಷ್ಟ ಆಯ್ತಾ?" ಅಂತ ಮೈಕಲ್ಲಿ ಕೇಳಿದ್ದೆವು.

ಬ್ರ್ಯಾಕ್ ಅನ್ನೋ ಸೇವಾ ಸಂಸ್ಥೆಯ ಕೆಲಸದ ನೆನಪಾದರೆ ಈಗ ಇನ್ನೂ ಇರಿಸುಮುರಿಸು. ಬಾಂಗ್ಲಾದೇಶದಲ್ಲಿ ಅವರು 1980ರಿಂದ 1990ರವರೆಗೆ 1.2 ಕೋಟಿಗೂ ಜಾಸ್ತಿ ಮನೆಗಳಿಗೆ ಹೋದರು. ಭೇದಿಯಾದ ಮಗುವಿಗೆ ಕುಡಿಸುವ ನೀರು ಮಾಡೋದನ್ನು ತಾಯಂದಿರಿಗೆ ಕಲಿಸಿದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಳತೆ ಇರೋದು ಅವರ ಕೈಯಲ್ಲೇ, ಬೇರೆ ಸಾಮಾನು ಬೇಕಿಲ್ಲ. ಅದಕ್ಕಿಂತ ನನಗೆ ಹಿಡಿಸಿದ್ದು ಸಂಬಳದ ಲೆಕ್ಕ. ಕಲಿಸಿ ಬಂದಮೇಲೆ ಸ್ವಲ್ಪ ದಿನ ಬಿಟ್ಟು ಬೇರೊಬ್ಬರು ಹೋಗಿ ಒಂದಷ್ಟು ಮನೆಗಳಲ್ಲಿ ಕೇಳುತ್ತಿದ್ದರು. ತಾಯಂದಿರಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳಿಗೆ ದುಡ್ಡು. ಎಷ್ಟು ಮನೆ ಸುತ್ತಿದಳು ಅನ್ನೋದು ಸಾಕಾಗುತ್ತಿರಲಿಲ್ಲ.

ಆ ಲೆಕ್ಕದಲ್ಲಿ ಮೂರು ವರ್ಷದಿಂದ ನಮಗೆ ಒಂದು ಪೈಸೆಯೂ ಹುಟ್ಟುತ್ತಿರಲಿಲ್ಲ. ನಮ್ಮ ವರದಿಗಳಲ್ಲಿ ಮಾತ್ರ ಈ ಊರು ಪ್ರತಿ ವರ್ಷ ಶುದ್ಧ ನೀರು ಕುಡಿದಿದೆ.

ಸೋಮವಾರ ಇನ್ನೊಂದು ಮಾತೂ ಆಯಿತು. "ವಾಷರ್ ಹೋದ್ರೆ ಹಳೇ ಟ್ಯೂಬ್ ಕತ್ತರಿಸಿ ಹಾಕ್ಕೋಬಹುದಿತ್ತಲ್ಲಜ್ಜಿ" ಅಂದೆ, ಸುಮ್ನೆ ಇರಲಾರದೆ. ಅಜ್ಜಿ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು.

"ನಮ್ಮ ಹುಡುಗನೂ ಅದನ್ನೇ ಅಂದ. ನಾನೇ ಬೇಡ ಅಂದೆ. ನಿಮ್ಮ ವಸ್ತು ಅಲ್ವಾ, ನಾವು ಹೆಂಗೆ ಬಿಚ್ಚೋದು?"

ಡ್ರಮ್ಮಿಗೆ ಹೊಡೆದ ಫಲಕದಲ್ಲಿ ನಮ್ಮ ಐದು ಜನರ ಹೆಸರಿದೆ. ಅದನ್ನೂ ಚೆನ್ನಾಗಿ ಉಜ್ಜಿದ್ದರು.

ಹುಡುಗ ಸ್ಪ್ಯಾನರ್ ತಂದ. ಹತ್ತು ನಿಮಿಷದ ಕೆಲಸ. ಟ್ಯೂಬಿನ ತುಂಡು ಮೊದಲು ದಪ್ಪ ಆಯಿತು, ಕೆತ್ತಿ ಮತ್ತೆ ಹಾಕಿದ. ಹ್ಯಾಂಡಲ್ಲಿಗೆ ತೂಕ ಬಂತು. ಮೊದಲು ಕೆಂಪು ನೀರು, ಆಮೇಲೆ ಸ್ವಲ್ಪ ತಿಳಿ. ನಾನು ಅಭ್ಯಾಸಬಲದಿಂದ ಫೋನ್ ತೆಗೆದೆ, ಫೋಟೊಗೆ. ಮತ್ತೆ ಜೇಬಿಗಿಟ್ಟೆ.

ಹೊರಡುವಾಗ ಅಜ್ಜಿ ರಸ್ತೆವರೆಗೂ ಬಂದರು.

"ಮುಂದಿನ ಸಲ ಬರೋಕೆ ಎರಡು ದಿನ ಮುಂಚೆ ಹೇಳಿ ಕಳಿಸಪ್ಪ" ಅಂದರು. "ಈ ಸಲ ಹಿಂದುಗಡೆ ತೊಳೆಯೋಕೆ ಟೈಮೇ ಆಗಲಿಲ್ಲ."