ಧೂಳು ಬರುತ್ತಿದ್ದ ದಾರಿ ಸಿಕ್ಕಿತು
ಕಂಪ್ಯೂಟರ್ ಕೇಸಿನ (ಹೊರಗಿನ ಡಬ್ಬಿಯ) ಮುಂದಿನ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯುತ್ತಿದ್ದೆ. ಆದರೂ ಗ್ರಾಫಿಕ್ಸ್ ಕಾರ್ಡ್ ಮೇಲೆ ದಪ್ಪಗೆ ಧೂಳು ಕೂರುತ್ತಿತ್ತು. ಮೊನ್ನೆ ಟಿಶ್ಯೂ ಪೇಪರಿನ ಚೂರೊಂದನ್ನು ಹಿಂಭಾಗದ ಸಂದುಗಳ ಹತ್ತಿರ ಹಿಡಿದು ನೋಡಿದೆ. ಅದು ಒಳಕ್ಕೆ ವಾಲಿತು! ಫಿಲ್ಟರ್ ಇಲ್ಲದ ಕಡೆಯಿಂದಲೇ ಗಾಳಿ ನುಗ್ಗುತ್ತಿತ್ತು. ಮುಂದೆ ಒಂದೇ ಫ್ಯಾನ್ ಗಾಳಿ ತರುತ್ತಿತ್ತು, ಮೇಲೆ ಹಿಂದೆ ಸೇರಿ ಮೂರು ಹೊರಗೆ ತಳ್ಳುತ್ತಿದ್ದವು. ಹೋದಷ್ಟು ಗಾಳಿ ಎಲ್ಲಿಂದಾದರೂ ಬರಲೇಬೇಕು, ಅಲ್ವಾ?

ಮೇಲಿನ ಎರಡು 120 ಮಿ.ಮೀ. ಫ್ಯಾನ್ ಬಿಚ್ಚಿ ಮುಂದಕ್ಕೆ ಹಾಕಿದೆ. ಸಾಮಾನ್ಯವಾಗಿ ಮೋಟಾರನ್ನು ಹಿಡಿದಿರುವ ಕಡ್ಡಿಗಳ ಬದಿಯಿಂದ ಗಾಳಿ ಹೊರಬರುತ್ತದೆ, ಅದನ್ನು ನೋಡಿಕೊಂಡೇ ಸ್ಕ್ರೂ ಬಿಗಿಯಿರಿ. ಈಗ ಪೇಪರ್ ಹೊರಕ್ಕೆ ಹಾರುತ್ತದೆ. ಧೂಳು ಜಾಸ್ತಿ ಫಿಲ್ಟರಿನಲ್ಲೇ ನಿಲ್ಲುತ್ತದೆ.

ಕಂಪ್ಯೂಟರ್ ಆಫ್ ಮಾಡಿ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ತಡೆದಿಡಿ. ವಿಪರೀತ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.