ಕಾರ್ ಡೀಟೇಲಿಂಗ್ ಕಲಿಯಲು ದುಡ್ಡು ಕಟ್ಟುವ ಮೊದಲು

"ಐದೇ ದಿನದಲ್ಲಿ ಪ್ರೊಫೆಷನಲ್ ಡೀಟೇಲರ್ ಆಗಿ, ಸರ್ಟಿಫಿಕೇಟ್ ಸಮೇತ." ಇನ್‌ಸ್ಟಾಗ್ರಾಂ ತೆರೆದರೆ ಇಂಥ ಜಾಹೀರಾತು ಒಂದಾದರೂ ಕಣ್ಣಿಗೆ ಬೀಳುತ್ತದೆ. ಕಾರನ್ನು ಒಳಗೂ ಹೊರಗೂ ಕೂಲಂಕಷವಾಗಿ ತೊಳೆದು, ಪಾಲಿಶ್ ಮಾಡಿ, ಕೋಟಿಂಗ್ ಹಚ್ಚುವ ಕೆಲಸವೇ ಡೀಟೇಲಿಂಗ್. ಫೋನ್ ಮಾಡಿದವರು ಸಾಮಾನ್ಯವಾಗಿ ಫೀಸು ಎಷ್ಟು, ಸರ್ಟಿಫಿಕೇಟ್ ಯಾರದ್ದು, ಊಟ-ವಸತಿ ಇದೆಯಾ ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ: ಬ್ಯಾಚಿನಲ್ಲಿ ಎಷ್ಟು ಜನ, ಪಾಲಿಶಿಂಗ್ ಮಶೀನು ಎಷ್ಟು?

ಲೆಕ್ಕ ಹಾಕಿ ನೋಡಿ. ಹತ್ತು ಜನ, ಎರಡು ಮಶೀನು, ದಿನಕ್ಕೆ ಆರು ಗಂಟೆ ಪ್ರಾಕ್ಟಿಕಲ್. ಒಬ್ಬೊಬ್ಬರ ಪಾಲಿಗೆ ಬರುವುದು 1 ಗಂಟೆ 12 ನಿಮಿಷ. ಸರಿಯಾದ ವೇಗದಲ್ಲಿ ಕೈ ಆಡಿಸಿದರೆ ಒಂದು ಬಾನೆಟ್ ಮುಗಿಯುವಷ್ಟು ಹೊತ್ತು ಅದು. ಐದು ದಿನದ ಕೋರ್ಸಿನಲ್ಲಿ ಪಾಲಿಶಿಂಗ್‌ಗೆ ಎರಡು ದಿನ ಸಿಕ್ಕರೆ ಹೆಚ್ಚು. ಹಾಗಾಗಿ ಎರಡು ಬಾನೆಟ್ ಪಾಲಿಶ್ ಮಾಡಿದ ಅನುಭವದ ಮೇಲೆ ಬೇರೆಯವರ ಹದಿನೈದು ಲಕ್ಷದ ಗಾಡಿಗೆ ಮಶೀನು ಇಡಬೇಕಾಗುತ್ತದೆ. ಒಂದು ಮಶೀನಿಗೆ ಇಬ್ಬರಿಗಿಂತ ಹೆಚ್ಚು ಜನ ಇದ್ದರೆ ಆ ಕೋರ್ಸಿಗೆ ದುಡ್ಡು ಕಟ್ಟುವ ಅಗತ್ಯವಿಲ್ಲ.

ನಮ್ಮಲ್ಲಿ ಇರುವ ದಾರಿಗಳು ಹೆಚ್ಚಿಲ್ಲ. ಸರ್ಕಾರದ ಕೌಶಲ್ಯ ಯೋಜನೆಗಳಡಿ, ಆಟೋಮೋಟಿವ್ ಸ್ಕಿಲ್ಸ್ ಡೆವಲಪ್‌ಮೆಂಟ್ ಕೌನ್ಸಿಲ್‌ನ ಪಠ್ಯದಂತೆ ನಡೆಯುವ ತರಬೇತಿಗಳಲ್ಲಿ ವಾಹನ ತೊಳೆಯುವವರ ಹಂತದ ಕೋರ್ಸು ಬರುತ್ತದೆ. ಅಲ್ಲಿ ತೊಳೆಯುವ ಕ್ರಮ, ಕೆಮಿಕಲ್ ಸುರಕ್ಷತೆ, ಸರ್ವಿಸ್ ಸೆಂಟರಿನ ಶಿಸ್ತು ಸಿಗುತ್ತದೆ. ಪೇಂಟ್ ಕರೆಕ್ಷನ್, ಅಂದರೆ ಮಶೀನಿನಿಂದ ಪೇಂಟಿನ ಗೀರು ತೆಗೆಯುವ ಕೆಲಸ, ಸಿಗುತ್ತದೆ ಎಂದುಕೊಂಡು ಹೋಗಬೇಡಿ. ಐಟಿಐನಲ್ಲಿ ಆಟೋ ಬಾಡಿ ಪೇಂಟಿಂಗ್ ಟ್ರೇಡ್ ಓದಿದವರಿಗೆ ಈ ಕೆಲಸ ಬೇಗ ಹತ್ತುತ್ತದೆ, ಏಕೆಂದರೆ ತಳದ ಪ್ರೈಮರ್, ಬಣ್ಣದ ಬೇಸ್ ಕೋಟ್, ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಅಂದರೆ ಏನು ಎಂಬುದು ಅವರಿಗೆ ಕೈಯಿಂದಲೇ ಗೊತ್ತಿರುತ್ತದೆ. ಕಂಪನಿಗಳ ಡಿಸ್ಟ್ರಿಬ್ಯೂಟರ್‌ಗಳು ಒಂದೆರಡು ದಿನದ ವರ್ಕ್‌ಶಾಪ್ ನಡೆಸುತ್ತಾರೆ. ಫೀಸು ಕಡಿಮೆ, ಕೆಲವೊಮ್ಮೆ ಪುಕ್ಕಟೆ. ಕೊನೆಗೆ ಅವರದೇ ಕಿಟ್ ನಿಮ್ಮ ಕೈಗೆ ಬರುತ್ತದೆ. ಆ ಒಂದು ಬ್ರ್ಯಾಂಡಿನ ಕೋಟಿಂಗ್ (ಪೇಂಟಿನ ಮೇಲಿನ ರಕ್ಷಣೆಯ ಪದರ) ಹಚ್ಚುವುದನ್ನು ಕಲಿಯಲು ಅಷ್ಟು ಸಾಕು. ಅಮೆರಿಕದ ಇಂಟರ್‌ನ್ಯಾಷನಲ್ ಡೀಟೇಲಿಂಗ್ ಅಸೋಸಿಯೇಷನ್ನಿನ ಸರ್ಟಿಫೈಡ್ ಡೀಟೇಲರ್ ಎಂಬುದು ಬರಹದ ಪರೀಕ್ಷೆ. ಕೈಕೆಲಸ ನೋಡುವ ಸ್ಕಿಲ್ಸ್ ವ್ಯಾಲಿಡೇಟೆಡ್ ಹಂತ ಪ್ರತ್ಯೇಕ. ಮಂಗಳೂರು-ಉಡುಪಿ ಕಡೆಯಿಂದ ಗಲ್ಫ್‌ಗೆ ಹೋಗಬೇಕೆಂದಿರುವ ಹುಡುಗರಿಗೆ ಅದು ರೆಸ್ಯೂಮೆಯಲ್ಲಿ ತೂಕ ಕೊಟ್ಟೀತು. ದಾವಣಗೆರೆಯಲ್ಲಿ ಅಂಗಡಿ ಇಡುವವರನ್ನು ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ಇವೆಲ್ಲಕ್ಕಿಂತ ಒಳ್ಳೆಯ ದಾರಿ, ನಡೆಯುತ್ತಿರುವ ಒಂದು ಡೀಟೇಲಿಂಗ್ ಸ್ಟುಡಿಯೋದಲ್ಲಿ ಹೆಲ್ಪರ್ ಆಗಿ ಸೇರುವುದು. ಸಂಬಳ ಕಡಿಮೆ, ಮೊದಲ ತಿಂಗಳುಗಳೆಲ್ಲ ಚಕ್ರ ತೊಳೆಯುವುದು, ಬಟ್ಟೆ ಒಗೆಯುವುದು. ಆದರೆ ಆರು ತಿಂಗಳಲ್ಲಿ ಸುಜುಕಿಯಿಂದ ಔಡಿವರೆಗೆ ಎಲ್ಲ ಬಗೆಯ ಪೇಂಟೂ ಕೈಗೆ ಬರುತ್ತದೆ. ಸೇರುವಾಗ ಮಾತು ಸ್ಪಷ್ಟವಾಗಿರಲಿ: ಎಷ್ಟನೇ ತಿಂಗಳಿಂದ ಮಶೀನು ಕೊಡುತ್ತೀರಿ? "ನೋಡೋಣ" ಅಂದರೆ ವರ್ಷವಿಡೀ ಬಕೆಟ್ ಹಿಡಿಸುತ್ತಾರೆ ಎಂದೇ ತಿಳಿಯಿರಿ.

ಅಕಾಡೆಮಿಯೋ ಸ್ಟುಡಿಯೋವೋ, ಒಮ್ಮೆ ಸುಮ್ಮನೆ ಹೋಗಿ ನಿಂತು ನೋಡಿ. ಪೇಂಟ್ ದಪ್ಪ ಅಳೆಯುವ ಗೇಜ್ ಇದೆಯೇ, ಅದರ ಮೇಲೆ ಧೂಳು ಕೂತಿದೆಯೇ? ಅಭ್ಯಾಸಕ್ಕೆ ಹಳೆಯ ಬಾನೆಟ್, ಡೋರು ಗೋಡೆಗೆ ಒರಗಿಸಿದ್ದಾರೆಯೇ? ತೊಳೆಯುವ ಬಟ್ಟೆ, ಚಕ್ರದ ಬಟ್ಟೆ, ಕೋಟಿಂಗ್ ಬಟ್ಟೆ ಬೇರೆ ಬೇರೆ ಇವೆಯೇ? ನೆಲಕ್ಕೆ ಬಿದ್ದ ಮೈಕ್ರೋಫೈಬರನ್ನು ಎತ್ತಿ ಕೊಡವಿ ಮತ್ತೆ ಬಾಡಿ ಒರೆಸಿದರೆ ಅಲ್ಲಿಂದ ಹೊರಡಿ. ಬಟ್ಟೆಗೆ ಅಂಟಿದ ಒಂದು ಮರಳಿನ ಕಣ ಸಾಕು, ಎರಡು ಗಂಟೆ ಪಾಲಿಶ್ ಮಾಡಿದ್ದು ಹಾಳಾಗಲು.

ತೊಳೆಯುವುದರಲ್ಲೇ ಅರ್ಧ ವಿದ್ಯೆ

ಬಿಸಿಲಲ್ಲಿ ಬೋನೆಟ್‌ ಮೇಲೆ ಬಲೆಯಂತೆ ಕಾಣುವ ಸುತ್ತುಗೀರುಗಳಲ್ಲಿ, ಅಂದರೆ ಸ್ವರ್ಲ್ ಮಾರ್ಕ್‌ಗಳಲ್ಲಿ, ಹೆಚ್ಚಿನವು ತೊಳೆಯುವಾಗ ಮತ್ತು ಒರೆಸುವಾಗ ಬಿದ್ದವು. ಆದ್ದರಿಂದ ಒಳ್ಳೆಯ ತರಬೇತಿ ಮೊದಲ ದಿನವೇ ಮಶೀನು ಕೊಡುವುದಿಲ್ಲ. ಕ್ರಮ ಹೀಗೆ: ಮೊದಲು ಚಕ್ರಗಳು, ಬೇರೆ ಬಕೆಟ್, ಬೇರೆ ಬ್ರಷ್. ಆಮೇಲೆ 100ರಿಂದ 120 ಬಾರ್ ಒತ್ತಡದ ವಾಷರಿನಿಂದ, ನಾಝಲ್ಲನ್ನು ಬಾಡಿಯಿಂದ ಒಂದು ಅಡಿಗಿಂತ ಹತ್ತಿರ ತಾರದೆ, ಧೂಳು ಇಳಿಸುವುದು. ಫೋಮ್ ಹೊಡೆದು ನಾಲ್ಕೈದು ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆಯುವುದು. ಇಷ್ಟಾದ ಮೇಲೆ ಕೈ ಹಚ್ಚಬೇಕು: ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ಎರಡರ ತಳದಲ್ಲೂ ಜಾಲರಿ. ತೊಳೆಯುವ ಕೈಗವಸು, ಅಂದರೆ ಮಿಟ್ಟನ್ನು, ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ ಆಡಿಸಿ. ಒಂದು ಪ್ಯಾನೆಲ್ ಮುಗಿದ ಕೂಡಲೇ ಬರೀ ನೀರಿನಲ್ಲಿ ಅದ್ದಿ ಉಜ್ಜಿ. ಡೋರಿನ ಕೆಳಭಾಗ, ಬಂಪರು ಕಟ್ಟಕಡೆಗೆ.

ಕೆಮಿಕಲ್ ಬೆರೆಸುವ ಲೆಕ್ಕ ಬಾಯಿಪಾಠ ಆಗಬೇಕು. 1:10 ಅಂದರೆ 100 ಮಿಲೀಗೆ ಒಂದು ಲೀಟರ್ ನೀರು. ಆಲ್ ಪರ್ಪಸ್ ಕ್ಲೀನರ್ ಒಳಗಿನ ಪ್ಲಾಸ್ಟಿಕ್‌ಗೆ ಸುಮಾರು ಈ ಹದದಲ್ಲಿ, ಚಕ್ರದ ಮೇಲಿನ ಕಮಾನಿಗೆ 1:4ರ ಹದದಲ್ಲಿ ನಡೆಯುತ್ತದೆ. ಬಾಟಲಿಯ ಮೇಲೆ ಬರೆದದ್ದು ಬೇರೆ ಇದ್ದರೆ ಅದೇ ಅಂತಿಮ. ಅಂದಾಜಿನಲ್ಲಿ ಸುರಿಯುವ ಗುರು ಇದ್ದರೆ ಸ್ವಲ್ಪ ಹುಷಾರಾಗಿರಿ. ಗಟ್ಟಿ ದ್ರಾವಣ ಅಲ್ಯೂಮಿನಿಯಂ ಪಟ್ಟಿಗೆ ಬಿದ್ದು ಒಣಗಿದರೆ ಬಿಳಿ ಕಲೆ ಹಿಡಿಯುತ್ತದೆ, ಅದು ಹೋಗುವುದಿಲ್ಲ.

ತೊಳೆದ ಮೇಲೂ ಕೈಗೆ ತರಿತರಿ ಹತ್ತಿದರೆ ಐರನ್ ರಿಮೂವರ್. ಬ್ರೇಕ್ ಪ್ಯಾಡಿನ ಧೂಳು, ರೈಲ್ವೆ ಹಳಿಯ ಪಕ್ಕ ನಿಲ್ಲಿಸಿದ ಗಾಡಿಗೆ ಕೂತ ಕಬ್ಬಿಣದ ಕಣ ಕರಗಿ ನೇರಳೆ ಬಣ್ಣ ಇಳಿಯುತ್ತದೆ. ಬಿಸಿ ಪ್ಯಾನೆಲ್ ಮೇಲೆ ಹೊಡೆಯಬಾರದು, ಒಣಗಲು ಬಿಡಬಾರದು. ಆಮೇಲೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಕ್ಲೇ ಬಾರ್, ಜಾರಲು ಧಾರಾಳ ಲೂಬ್ರಿಕೆಂಟ್ ಹಾಕಿ. ಕೆಳಗೆ ಬಿದ್ದ ಕ್ಲೇ ತುಂಡು ಕಸದ ಬುಟ್ಟಿಗೆ.

ನೀರಿನ ಪಾಠ ಹೇಳದ ತರಬೇತಿ ನಮ್ಮ ಊರುಗಳಿಗೆ ಉಪಯೋಗವಿಲ್ಲ. ಬೋರ್‌ವೆಲ್ ನೀರು ಗಡುಸು. ಬಿಸಿಲಲ್ಲಿ ಒಣಗಿದರೆ ಸುಣ್ಣದ ಉಂಗುರ ಬಿಡುತ್ತದೆ, ವಾರಗಟ್ಟಲೆ ಬಿಟ್ಟರೆ ಕ್ಲಿಯರ್ ಕೋಟನ್ನೇ ಕೊರೆಯುತ್ತದೆ. ನೀರಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ, ಕೊನೆಯ ಸಲ ಜಾಲಿಸಲು 50ಕ್ಕಿಂತ ಕಡಿಮೆ ಟಿಡಿಎಸ್ ಇರುವ ನೀರು ಬಳಸಿ. ಬೆಂಗಳೂರಲ್ಲಿ ಮನೆಮನೆಗೆ ಹೋಗಿ ಕೆಲಸ ಮಾಡುವ ಯೋಚನೆ ಇದ್ದರೆ ಇನ್ನೊಂದು ವಿಷಯ: 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಗ್ರಾಹಕರ ಮನೆಯ ನಲ್ಲಿಗೆ ಪೈಪು ಸಿಕ್ಕಿಸುವ ಬದಲು ಕಡಿಮೆ ನೀರಿನ ರಿನ್ಸ್‌ಲೆಸ್ ವಾಶ್ ಕಲಿಸುವವರನ್ನು ಹುಡುಕುವುದು ಜಾಣತನ.

ಬಾನೆಟ್ ಮೇಲಿನ ಅಭ್ಯಾಸ

ಕೋರ್ಸು ಸೇರುವ ಮೊದಲೂ, ಮುಗಿದ ಮೇಲೂ ಬೇಕಾದದ್ದು ಒಂದು ಹಳೆಯ ಬಾನೆಟ್. ಅಪಘಾತದ ಗಾಡಿ ರಿಪೇರಿ ಮಾಡುವ ಟಿಂಕರಿಂಗ್-ಪೇಂಟಿಂಗ್ ಶೆಡ್ಡಿನಲ್ಲಿ, ಗುಜರಿಯಲ್ಲಿ, ಬೆಂಗಳೂರಾದರೆ ಶಿವಾಜಿನಗರದ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಚೌಕಾಸಿ ಮಾಡಿ ತನ್ನಿ. ಕಪ್ಪು ಬಣ್ಣದ್ದೇ ಆಗಲಿ, ತಪ್ಪು ಬೇಗ ಕಾಣುತ್ತದೆ. ಕಂಪನಿ ಪೇಂಟ್ ಇರುವುದನ್ನೇ ಆರಿಸಿ.

ಗೇಜ್ ಹಚ್ಚಿ. ಕಂಪನಿ ಪೇಂಟ್ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.); ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50. 200 ದಾಟಿದರೆ ಮರುಪೇಂಟ್ ಇರಬಹುದು, ಅದಕ್ಕೂ ಬಹಳ ಮೇಲೆ ಹೋದರೆ ಕೆಳಗೆ ಪುಟ್ಟಿ ಇದೆ. ಮಾಮೂಲಿ ಗೇಜ್ ಕ್ಲಿಯರ್ ಕೋಟನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ, ಪ್ಲಾಸ್ಟಿಕ್ ಬಂಪರಿನ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಕಾಂಪೌಂಡಿನ, ಅಂದರೆ ಒರಟು ಪಾಲಿಶಿನ, ಒಂದು ಸುತ್ತಿಗೆ ಒಂದೆರಡು ಮೈಕ್ರಾನ್ ಹೋಗುತ್ತದೆ. ವರ್ಷಕ್ಕೆ ಎರಡು ಸಲ "ರಬ್ಬಿಂಗ್ ಪಾಲಿಶ್" ಮಾಡಿಸಿದ ಗಾಡಿಗಳ ಕ್ಲಿಯರ್ ಕೋಟ್ ಯಾಕೆ ಚಕ್ಕೆ ಏಳುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಮಾಸ್ಕಿಂಗ್ ಟೇಪಿನಿಂದ ಬಾನೆಟ್ಟಿನ ಮೇಲೆ 40 ಸೆಂ.ಮೀ.ಗಳ ನಾಲ್ಕು ಚೌಕ ಮಾಡಿ. ಮೊದಲನೆಯದನ್ನು ಮುಟ್ಟಬೇಡಿ, ಅದು ಹೋಲಿಕೆಗೆ. ಎರಡನೆಯದಕ್ಕೆ ಮೆತ್ತನೆಯ ಫಿನಿಶಿಂಗ್ ಪ್ಯಾಡು, ಫೈನ್ ಪಾಲಿಶ್. ಮೂರಕ್ಕೆ ಮಧ್ಯಮ ಪ್ಯಾಡು. ನಾಲ್ಕಕ್ಕೆ ಕಟಿಂಗ್ ಪ್ಯಾಡು, ಕಾಂಪೌಂಡ್, ಅದರ ಮೇಲೆ ಮತ್ತೆ ಫಿನಿಶಿಂಗ್. ಮಶೀನು 15 ಮಿ.ಮೀ. ಥ್ರೋ ಇರುವ ಡಿಎ ಆಗಿರಲಿ, ಅಂದರೆ ಪ್ಯಾಡು ಸುತ್ತುತ್ತಲೇ ಆಚೀಚೆ ಸರಿಯುವ ಡ್ಯುಯಲ್ ಆ್ಯಕ್ಷನ್; ಥ್ರೋ ಎಂಬುದು ಆ ಸರಿದಾಟದ ಅಗಲ. ಒಂದೇ ಅಚ್ಚಿನ ಮೇಲೆ ಸುತ್ತುವ ರೋಟರಿಗೆ ಆತುರ ಬೇಡ. ಪ್ಯಾಡಿನ ಮೇಲೆ ಕಡಲೆಕಾಳಿನಷ್ಟು ನಾಲ್ಕು ಹನಿ ಹಾಕಿ, ಮಶೀನು ಆಫ್ ಇರುವಾಗಲೇ ಮೇಲ್ಮೈಗೆ ತಟ್ಟಿ ಹರಡಿ, ಒಂದನೇ ಸ್ಪೀಡಿನಲ್ಲಿ ಸವರಿ, ಆಮೇಲೆ ನಾಲ್ಕು-ಐದಕ್ಕೆ ಏರಿಸಿ. ಕೈ ಸೆಕೆಂಡಿಗೆ 4-5 ಸೆಂ.ಮೀ. ಮಾತ್ರ ಸಾಗಬೇಕು. ಪ್ರತಿ ಗೆರೆ ಹಿಂದಿನ ಗೆರೆಯ ಅರ್ಧ ಭಾಗವನ್ನು ಮುಚ್ಚಬೇಕು. ಅಡ್ಡ ಒಂದು ಸಲ, ಉದ್ದ ಒಂದು ಸಲ, ಹೀಗೆ ಸರದಿಯಂತೆ ಒಟ್ಟು ನಾಲ್ಕು ಸಲ. ಒಂದೊಂದು ಸಲಕ್ಕೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಅರ್ಧ ನಿಮಿಷದಲ್ಲಿ ಮುಗಿಸಿದ್ದರೆ ಕೈ ಓಡಿದೆ, ಗೀರು ಉಳಿದಿರುತ್ತದೆ.

ಪ್ಯಾಡು ಅಂಟಿಸುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಓಡುವಾಗ ಗೆರೆ ಸುತ್ತುತ್ತಿರಬೇಕು. ಅದು ನಿಂತುಬಿಟ್ಟರೆ ಪ್ಯಾಡು ಬರೀ ನಡುಗುತ್ತಿದೆ, ಕತ್ತರಿಸುತ್ತಿಲ್ಲ. ಒತ್ತಡ ಹೆಚ್ಚಾಗಿದೆ ಅಥವಾ ಪ್ಯಾಡು ಓರೆಯಾಗಿದೆ. ಎಷ್ಟು ಒತ್ತಬೇಕೆಂದು ತಿಳಿಯಲು ಮನುಷ್ಯರ ತೂಕದ ಯಂತ್ರದ ಮೇಲೆ ಮಶೀನು ಇಟ್ಟು ಆಫ್‌ನಲ್ಲೇ ಒತ್ತಿ ನೋಡಿ: ಕಟಿಂಗ್‌ಗೆ ಸುಮಾರು ಐದು ಕೆಜಿ, ಫಿನಿಶಿಂಗ್‌ಗೆ ಮಶೀನಿನ ಸ್ವಂತ ಭಾರವೇ ಸಾಕು. ಒಂದು ಚೌಕ ಮುಗಿದಾಗಲೆಲ್ಲ ಪ್ಯಾಡನ್ನು ಬ್ರಷ್ಷಿನಿಂದ ಕೆದಕಿ. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸುವವರ ಕೆಲಸದಲ್ಲಿ ಕೊನೆಯ ಡೋರು ಯಾವತ್ತೂ ಮೊದಲ ಡೋರಿನಂತಿರುವುದಿಲ್ಲ.

ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ಪ್ಯಾನೆಲ್ ವೈಪ್‌ನಿಂದ ಒರೆಸಿ. ಇದನ್ನು ಬಿಟ್ಟರೆ ಪಾಲಿಶ್ ಎಣ್ಣೆ ಗೀರುಗಳನ್ನು ತುಂಬಿ ನಿಮಗೇ ಮೋಸ ಮಾಡುತ್ತದೆ. ಎರಡು ವಾಶ್ ಆದ ಮೇಲೆ ಗೀರು ಮತ್ತೆ ಕಂಡು ಗ್ರಾಹಕರ ಫೋನ್ ಬರುತ್ತದೆ. ಒಂದೇ ಬಲ್ಬಿನ ಟಾರ್ಚ್ ಹಿಡಿದು ನಾಲ್ಕೂ ಚೌಕ ನೋಡಿ. ಎರಡನೇ ಚೌಕದಲ್ಲೇ ಗೀರು ಹೋಗಿದ್ದರೆ ಉಳಿದ ಕಡೆ ಕಾಂಪೌಂಡ್ ಮುಟ್ಟುವ ಕಾರಣವೇ ಇಲ್ಲ. ನಿಜವಾದ ಗಾಡಿಯ ಮೇಲೂ ಇದೇ ಕ್ರಮ, ಟೆಸ್ಟ್ ಸ್ಪಾಟ್. ಜಪಾನಿ ಗಾಡಿಗಳ ಕಪ್ಪು ಪೇಂಟ್ ಸಾಮಾನ್ಯವಾಗಿ ಮೆತ್ತಗೆ, ಬೇಗ ಸರಿಹೋಗುತ್ತದೆ, ಅಷ್ಟೇ ಬೇಗ ಮಂಜೂ ಹಿಡಿಯುತ್ತದೆ. ಜರ್ಮನ್ ಪೇಂಟ್ ಗಟ್ಟಿ, ಬೆವರಿಳಿಸುತ್ತದೆ.

ಕೊನೆಗೆ ಆ ಬಾನೆಟ್ಟನ್ನು ಬೇಕಂತಲೇ ಸುಡಿ. ರೋಟರಿಗೆ ಉಣ್ಣೆ ಪ್ಯಾಡು ಹಾಕಿ, ಅಂಚಿನಲ್ಲಿ, ಬಾನೆಟ್ಟಿನ ಮಡಿಕೆಯ ಗೆರೆಯ ಮೇಲೆ ಒಂದೇ ಕಡೆ ಹಿಡಿಯಿರಿ. ಎಷ್ಟು ಸೆಕೆಂಡಿಗೆ ಬಿಸಿ ಏರಿತು, ಪ್ಯಾಡಿಗೆ ಬಣ್ಣ ಯಾವಾಗ ಹತ್ತಿತು, ವಾಸನೆ ಹೇಗೆ ಬದಲಾಯಿತು ಎಂದು ಗಮನಿಸಿ. ಅಂಚುಗಳಲ್ಲಿ ಪೇಂಟ್ ತೆಳ್ಳಗಿರುತ್ತದೆ, ಪ್ಯಾಡಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ಕ್ಲಿಯರ್ ಕೋಟ್ ಇರುವ ಗಾಡಿಯಲ್ಲಿ ಪ್ಯಾಡಿಗೆ ಬಣ್ಣ ಬಂದರೆ ಕ್ಲಿಯರ್ ಮುಗಿದಿದೆ ಎಂದರ್ಥ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಸಿಂಗಲ್ ಸ್ಟೇಜ್ ಬಿಳಿ ಪೇಂಟಿನಲ್ಲಿ ಬಣ್ಣ ಬರುವುದು ಸಹಜ. ಈ ಪಾಠಕ್ಕೆ ಅವಕಾಶ ಕೊಡುವ ಅಕಾಡೆಮಿ ಸಿಕ್ಕರೆ ಫೀಸು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ.

ಸೆರಾಮಿಕ್ ಮತ್ತು ಒಳಾಂಗಣ

ಸೆರಾಮಿಕ್ ಕೋಟಿಂಗ್ ಹಚ್ಚುವುದು ಪಾಲಿಶಿಂಗ್‌ನಷ್ಟು ಕಷ್ಟವಲ್ಲ, ಜಾಹೀರಾತಿನಲ್ಲಿ ಮಾತ್ರ ಅದೇ ರಾಜ. ಸಣ್ಣ ಚೌಕದಲ್ಲಿ ಅಡ್ಡ-ಉದ್ದ ಹಚ್ಚಿ, ಕಾಮನಬಿಲ್ಲಿನ ಬಣ್ಣ ಮೂಡಿದಾಗ ಒಂದು ಬಟ್ಟೆಯಲ್ಲಿ ಎತ್ತಿ, ಇನ್ನೊಂದರಲ್ಲಿ ಮಿರುಗಿಸಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ ಅರ್ಧ ನಿಮಿಷ ಕಾದರೂ ಹೆಚ್ಚಾದೀತು, ಮಡಿಕೇರಿಯ ತಂಪಿನಲ್ಲಿ ಎರಡು ನಿಮಿಷವೂ ಸಾಲದೆ ಹೋದೀತು. ತಡವಾದರೆ ಗಟ್ಟಿಯಾಗಿ ಕಪ್ಪು ಮಚ್ಚೆ ಉಳಿಯುತ್ತದೆ. ತೆಗೆಯಲು ಮತ್ತೆ ಪಾಲಿಶ್ ಮಾಡಬೇಕು. ಆ ರಾತ್ರಿ ಗಾಡಿಗೆ ನೀರು ತಾಗಬಾರದು, ವಾರದವರೆಗೆ ಶಾಂಪೂ ಬೇಡ. ಮುಚ್ಚಿದ ಜಾಗ ಇಲ್ಲದವರು ಮಳೆಗಾಲದಲ್ಲಿ ಈ ಕೆಲಸ ಒಪ್ಪಿಕೊಳ್ಳಬೇಡಿ.

ಒಳಾಂಗಣದಲ್ಲಿ ಹೊಸಬರು ಮಾಡುವ ಅನಾಹುತ ಒಂದೇ, ನೀರು ಹೆಚ್ಚು. ರೂಫ್ ಲೈನಿಂಗ್ ನೆನೆದರೆ ಗೋಂದು ಬಿಟ್ಟು ಬಟ್ಟೆ ಜೋತುಬೀಳುತ್ತದೆ. ಕಾರ್ಪೆಟ್ಟಿನ ಕೆಳಗಿನ ಸ್ಪಂಜು ನೆನೆದು ಒಣಗದಿದ್ದರೆ ಮೂರನೇ ದಿನಕ್ಕೆ ಮುಗ್ಗಲು ವಾಸನೆ. ಸೀಟಿನ ಕೆಳಗಿನ ಹಳದಿ ಕನೆಕ್ಟರು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಇಗ್ನಿಷನ್ ಆನ್ ಇರುವಾಗ ಬಿಚ್ಚಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಕೊಳ್ಳುತ್ತದೆ, ಆರಿಸಲು ಸ್ಕ್ಯಾನರ್ ಬೇಕು.

ಸ್ವಂತ ಕೆಲಸ ಶುರುಮಾಡಲು ಮೊದಲ ಖರೀದಿ ವಾಷರ್, ವ್ಯಾಕ್ಯೂಮ್, ಒಂದು ಡಿಎ, ಗೇಜ್, ಎರಡು ಡಜನ್ ಬಟ್ಟೆ. ಬಟ್ಟೆ ಒಗೆಯುವಾಗ ಕಂಫರ್ಟ್ ಥರದ್ದು ಹಾಕಬೇಡಿ, ನೂಲು ಮುಚ್ಚಿಹೋಗಿ ನೀರು ಹೀರುವುದಿಲ್ಲ. ಪಿಪಿಎಫ್ (ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್), ಅದನ್ನು ಕತ್ತರಿಸುವ ಪ್ಲಾಟರು, ಫ್ರಾಂಚೈಸಿ ಎಲ್ಲ ಆಮೇಲಿನ ಮಾತು. ಸಣ್ಣ ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ, ಅಡಮಾನ ಬೇಡ.

ಗಾಡಿ ಪಡೆಯುವ ವಿಧಾನ ಕಲಿಸುತ್ತಾರೆಯೇ ಎಂದೂ ಕೇಳಿ, ಬಹಳ ಕೋರ್ಸುಗಳಲ್ಲಿ ಇದು ಬಿಟ್ಟೇ ಹೋಗಿರುತ್ತದೆ. ಗಾಡಿ ಬಂದ ಕೂಡಲೇ ಸುತ್ತ ಒಂದು ವಿಡಿಯೋ, ಪ್ರತಿ ಪ್ಯಾನೆಲ್ಲಿನ ಗೇಜ್ ಅಂಕಿ, ಮೊದಲೇ ಇರುವ ಡೆಂಟು, ಕಲ್ಲೇಟು, ಅಲಾಯ್ ಗೀರುಗಳ ಫೋಟೋ, ಬಿಟ್ಟುಹೋದ ಸಾಮಾನಿನ ಪಟ್ಟಿ. ಎಲ್ಲವನ್ನೂ ಮಾಲೀಕರಿಗೆ ವಾಟ್ಸಾಪ್ ಮಾಡಿ, ಆ ಕಡೆಯಿಂದ "ಸರಿ" ಎಂದು ಬಂದ ಮೇಲೆ ನೀರು ಹೊಡೆಯಿರಿ.