"ನಾನು ಸೋಮಾರಿ ಅಲ್ವಲ್ಲಾ?"

ಮಂಗಳವಾರ ಥೈರಾಯ್ಡ್ ಪರೀಕ್ಷೆಯ ರಿಪೋರ್ಟ್ ಬಂತು. ತಂಗಿಯ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನ್, 62. ಇರಬೇಕಾದ್ದು ಸುಮಾರು 0.4ರಿಂದ 4ರ ಒಳಗೆ. ನನಗೆ ಗಾಬರಿ. ಅವಳು ಹಾಳೆಯನ್ನು ಎರಡು ಸಲ ಓದಿ, ತಲೆ ಎತ್ತಿ ಕೇಳಿದಳು: "ಹಾಗಾದ್ರೆ ನಾನು ಸೋಮಾರಿ ಅಲ್ವಲ್ಲಾ?"

ನಾಲ್ಕು ದಿನದಿಂದ ಆ ಮಾತು ಕಿವಿಯಲ್ಲೇ ಇದೆ.

ಆ ಹೆಸರು ಕೊಟ್ಟವರು ನಾವೇ ತಾನೇ. ಹತ್ತು ಗಂಟೆ ಮಲಗಿದರೂ ಅವಳಿಗೆ ಸುಸ್ತು. ನಮಗೆಲ್ಲ ಸೆಕೆ, ಅವಳಿಗೆ ಸ್ವೆಟರ್. ಬಾಚಣಿಗೆ ತುಂಬ ಕೂದಲು. ಹುಬ್ಬಿನ ಹೊರತುದಿ ತೆಳ್ಳಗಾಗಿತ್ತು. ದಿನಾ ನೋಡುವ ಮುಖ, ಆದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಮೊದಲು ತೋರಿಸಿದ ಡಾಕ್ಟರ್ "ತೂಕ ಇಳಿಸಿ, ವಾಕಿಂಗ್ ಮಾಡಿ" ಅಂತ ಎರಡೇ ನಿಮಿಷದಲ್ಲಿ ಕಳಿಸಿಬಿಟ್ಟರು. ನನಗೆ ಇನ್ನೂ ಸಿಟ್ಟಿದೆ.

ಈಗಿನವರು ಹಾಗಲ್ಲ. ಅವಳ ತಣ್ಣಗಿನ ಕೈ ಹಿಡಿದು ನೋಡಿದರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಪಾದ ಜಗ್ಗಿತು. ಆಮೇಲೆ ನಿಧಾನಕ್ಕೆ, ತುಂಬಾ ನಿಧಾನಕ್ಕೆ ವಾಪಸ್ ಬಂತು. "ನೋಡಿ, ಸ್ನಾಯು ಕೂಡ ಆತುರಪಡ್ತಿಲ್ಲ" ಅಂದರು.

ಗಂಟಲ ಬುಡದಲ್ಲಿ ಚಿಟ್ಟೆಯಂತೆ ಕೂತ, 20 ಗ್ರಾಂ ಆಸುಪಾಸಿನ ಗ್ರಂಥಿ ಈ ಥೈರಾಯ್ಡ್. ಅದು ಹೆಚ್ಚಾಗಿ ತಯಾರಿಸುವುದು ಟಿ4 ಅನ್ನುವ ಹಾರ್ಮೋನ್. ಅದರಲ್ಲಿ ಅಯೋಡಿನ್‌ನ ನಾಲ್ಕು ಪರಮಾಣು. ದೇಹ ಒಂದನ್ನು ಕಳಚಿ ಟಿ3 ಮಾಡಿಕೊಳ್ಳುತ್ತದೆ. ಎದೆಬಡಿತ, ಮೈಕಾವು, ಕರುಳಿನ ಓಟ, ತಲೆಯ ಚುರುಕು ಎಲ್ಲಕ್ಕೂ ಅದೇ ಬೇಕು. ಹಾರ್ಮೋನ್ ಕಡಿಮೆಯಾದರೆ ಮೆದುಳಿನ ಬುಡದ ಪಿಟ್ಯುಟರಿ ಟಿಎಸ್‌ಎಚ್ ಸುರಿಸುತ್ತಾ "ಇನ್ನಷ್ಟು ಮಾಡು" ಅಂತ ಕೂಗುತ್ತದೆ. ಅವಳ 62 ಆ ಕೂಗು. ಒಳಗೆ ಅಷ್ಟು ಕೂಗಾಟ ನಡೆದಿತ್ತು. ನಮಗೆ ಕಂಡಿದ್ದು ಹಾಸಿಗೆ ಬಿಟ್ಟೇಳದ ಹುಡುಗಿ ಮಾತ್ರ.

"ಮನಸ್ಸು ಗಟ್ಟಿ ಮಾಡ್ಕೋ" ಅನ್ನುವವರು ನನಗೀಗ ಸಹಿಸಲಾಗದ ಜನ. ನಾನೂ ಅವರಲ್ಲೊಬ್ಬಳಾಗಿದ್ದೆ. ಸಿಡುಕಿ, ಮಂಕು, ಮೈಗಳ್ಳ ಅಂತ ಇನ್ನೂ ಯಾರ್ಯಾರಿಗೆ ಹೆಸರಿಟ್ಟಿದ್ದೇನೋ. ಅವರ ರಕ್ತವನ್ನು ಯಾರು ನೋಡಿದ್ದಾರೆ?

ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಅವಳಿಗೆ ಬರೆದುಕೊಟ್ಟ ಟಿ4 ಮಾತ್ರೆ ಕೂಡ ಹಾಗೇ ನಿಧಾನಕ್ಕೆ ನೆಲೆಯೂರುತ್ತದೆ. ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ.

ಇವತ್ತು ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ನೀರು ಕೊಟ್ಟೆ. ಮಂಗಳವಾರ ಹೇಳದೆ ಉಳಿದಿದ್ದನ್ನು ಆಗ ಹೇಳಿದೆ: "ನೀನು ಯಾವತ್ತೂ ಸೋಮಾರಿ ಆಗಿರ್ಲಿಲ್ಲ ಕಣೇ."

ಅವಳು ಮಾತ್ರೆ ನುಂಗಿ ಗಡಿಯಾರ ನೋಡಿದಳು. "ತಿಂಡಿಗೆ ಇನ್ನೂ ಒಂದು ಗಂಟೆ ಕಾಯ್ಬೇಕು. ಅಲ್ಲಿವರೆಗೆ ನನ್ನ ಜೊತೆ ಕೂತ್ಕೊ" ಅಂದಳು.